ಮೂವತ್ತು ಸಾವಿರ ರೂಪಾಯಿಯ ಗಣಕಯಂತ್ರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ವಿಚಾರ)

ಇದು ಗಣಕಯಂತ್ರದ ಯುಗವೆಂಬ ಮಾತನ್ನು ನಾವೆಲ್ಲರೂ ಬೇಕಾದಷ್ಟು ಸಲ ಕೇಳಿದ್ದೇವೆ. ವೇದಿಕೆಯ ಮೇಲಿನವರು ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಆದರೆ ಮನೆಗೆ ಹೋದ ಮೇಲೆ, ಆ ಯಂತ್ರವನ್ನು ನಮ್ಮಂಥವರು ತರುವುದೆಂತು, ಯಾವುದನ್ನು ತರಬೇಕು, ಕೈಯಲ್ಲಿರುವ ಹಣಕ್ಕೆ ಏನು ದಕ್ಕೀತು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರು ವಿರಳ. ಕಳೆದ ವರ್ಷ, ಎಂದರೆ 2025ರ ಜೂನ್ ತಿಂಗಳಲ್ಲಿ, ನಾನು ಬಿಡಿಭಾಗಗಳನ್ನು ಕೊಂಡು ತಂದು ನಮ್ಮ ಮನೆಯಲ್ಲಿಯೇ ಒಂದು ಗಣಕಯಂತ್ರವನ್ನು ಜೋಡಿಸಿದೆನು. ಆ ಅನುಭವದಿಂದ ಹುಟ್ಟಿದ ಕೆಲವು ಅಭಿಪ್ರಾಯಗಳನ್ನು ಸೋದರ ವಿದ್ಯಾರ್ಥಿಗಳ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ. ನಾನು ಓದುತ್ತಿರುವುದು ಕನ್ನಡ ಮತ್ತು ಇತಿಹಾಸ. ವಿಜ್ಞಾನದ ಶಾಸ್ತ್ರೀಯ ಜ್ಞಾನ ನನಗಿಲ್ಲ. ಆದುದರಿಂದ ತಪ್ಪು ಕಂಡಲ್ಲಿ ತಿಳಿದವರು ತಿದ್ದಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಮ್ಮದು ಸುರಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ಎರಡೆಕರೆ ಹೊಲದಲ್ಲಿ ತೊಗರಿ, ಹತ್ತಿ ಬೆಳೆಯುತ್ತಾರೆ. ಅವ್ವ ಕೂಲಿಗೂ ಹೋಗುತ್ತಾಳೆ. ಗಣಕಯಂತ್ರಕ್ಕೆಂದು ನಾನು ಕೂಡಿಸಿದ ಹಣ ಮೂವತ್ತು ಸಾವಿರ ರೂಪಾಯಿ. ಅದರಲ್ಲಿ 12,000 ರೂಪಾಯಿ ಎರಡು ಬೇಸಗೆ ರಜೆಗಳಲ್ಲಿ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ದುಡಿದದ್ದು, 8,000 ರೂಪಾಯಿ ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದು. ಉಳಿದ 10,000 ರೂಪಾಯಿಯನ್ನು ಅವ್ವ ಮಹಿಳಾ ಸಂಘದಿಂದ ಸಾಲ ತಂದು ಕೊಟ್ಟಳು. ಕೊಡುವಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಇದು ಎಷ್ಟ್ ವರ್ಷ ದುಡೀತದ, ಯಪ್ಪಾ?” ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಪ್ರಯತ್ನವೇ ನನ್ನ ಎಲ್ಲ ಆಯ್ಕೆಗಳ ಹಿಂದೆ ಇತ್ತೆಂದು ಹೇಳಿದರೆ ತಪ್ಪಾಗಲಾರದು.

ಹೊರಡುವ ಮುನ್ನ ಹಲವರು ಹಲವು ರೀತಿಯಲ್ಲಿ ಬುದ್ಧಿ ಹೇಳಿದರು. ಕಲಾ ವಿಭಾಗದವನಿಗೆ ಇದೆಲ್ಲ ಏಕೆ, ಕೈಯಲ್ಲಿ ಮೊಬೈಲು ಇದೆಯಲ್ಲ ಎಂದರು ಕೆಲವರು. ನನ್ನ ಕೆಲಸವನ್ನು ಅವರಿಗೆ ವಿವರಿಸಿದೆನು. ನಮ್ಮೂರ ಹೆಣ್ಣುಮಕ್ಕಳು ಹಾಡುವ ಬೀಸುವ ಪದ, ಸೋಬಾನ ಪದಗಳನ್ನು ನಾನು ಎರಡು ವರ್ಷಗಳಿಂದ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ಕೇಳುವುದು, ನಿಲ್ಲಿಸುವುದು, ಒಂದು ಸಾಲು ಬರೆಯುವುದು, ಮತ್ತೆ ಕೇಳುವುದು — ಇದು ಅಂಗೈಯಗಲದ ಪರದೆಯ ಮೇಲೆ ಹೆಬ್ಬೆರಳಿನಿಂದ ಆಗತಕ್ಕ ಕೆಲಸವಲ್ಲ. ಮೇಲಾಗಿ ಪಿ.ಯು.ಸಿ. ಓದುತ್ತಿರುವ ತಂಗಿಗೂ ಅದೇ ಯಂತ್ರ ಬೇಕು.

ಮತ್ತೆ ಕೆಲವರು ಲ್ಯಾಪ್‌ಟಾಪ್ ಕೊಂಡುಬಿಡು ಎಂದರು. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹಾಸ್ಟೆಲಿನಲ್ಲಿ ಇರುವವರಿಗೆ, ಊರಿಂದೂರಿಗೆ ಓಡಾಡುವವರಿಗೆ ಲ್ಯಾಪ್‌ಟಾಪೇ ಮೇಲು. ಕರೆಂಟು ಹೋದರೂ ಅದು ನಡೆಯುತ್ತದೆ. ಆದರೆ ನಮ್ಮ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಅನೇಕವು ಒಳಗೆ ಬೆಸುಗೆ ಹಾಕಿ ಮುಚ್ಚಿದ ಪೆಟ್ಟಿಗೆಗಳು. ರ್‍ಯಾಮ್ ಸಾಲದಾದರೆ ಕೂಡಿಸುವಂತಿಲ್ಲ. ಒಂದು ಭಾಗ ಕೆಟ್ಟರೆ ದುರಸ್ತಿಯ ಖರ್ಚು ಯಂತ್ರದ ಬೆಲೆಯ ಹತ್ತಿರಕ್ಕೆ ಹೋಗುವುದೂ ಉಂಟು. ಒಂದೇ ಕಡೆ ಕುಳಿತು ದುಡಿಯುವ ಯಂತ್ರ ಬೇಕಾದ ನನ್ನಂಥವನಿಗೆ, ಕೆಟ್ಟ ಭಾಗವನ್ನಷ್ಟೇ ತೆಗೆದು ಬೇರೆ ಹಾಕಬಹುದಾದ ವ್ಯವಸ್ಥೆಯೇ ಲೇಸೆಂದು ತೋರಿತು. ಹೊಲದಲ್ಲಿ ಕೂರಿಗೆಯ ಒಂದು ತಾಳು ಮುರಿದರೆ ಬಡಿಗ ಆ ತಾಳನ್ನಷ್ಟೇ ಹೊಸದಾಗಿ ಕೂರಿಸುತ್ತಾನಲ್ಲದೆ ಇಡೀ ಕೂರಿಗೆಯನ್ನು ಎಸೆಯೆನ್ನುವುದಿಲ್ಲ.

ಮನೆಯಲ್ಲಿ ಗಣಕಯಂತ್ರ ಜೋಡಿಸುವುದು ಸಾಧ್ಯವಾದದ್ದಾದರೂ ಹೇಗೆ ಎಂದು ಕೆಲವರು ಆಶ್ಚರ್ಯಪಡುವುದುಂಟು. ನಮ್ಮ ದೇಶದಲ್ಲಿಯೇ ರೂಪುಗೊಂಡ ಮೊದಲ ಪೂರ್ಣಪ್ರಮಾಣದ ಗಣಕಯಂತ್ರವಾದ ಟಿಫ್ರ್ಯಾಕ್ 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಆರಂಭಿಸಿದಾಗ, ಅದನ್ನು ಕಟ್ಟಲು ವಿಜ್ಞಾನಿಗಳ ಒಂದು ತಂಡವೇ ಬೇಕಾಗಿತ್ತು. 1981ರಲ್ಲಿ ಐ.ಬಿ.ಎಂ. ಸಂಸ್ಥೆ ತನ್ನ ಪಿ.ಸಿ.ಯನ್ನು ಮಾರುಕಟ್ಟೆಯಲ್ಲಿ ದೊರೆಯುವ ಬಿಡಿಭಾಗಗಳಿಂದಲೇ ಕಟ್ಟಿತು. ಅದರ ರಚನೆಯ ವಿವರಗಳನ್ನೂ ಪ್ರಕಟಿಸಿತು. ಅಲ್ಲಿಂದ ಮುಂದೆ ಬೇರೆಯವರೂ ಅದಕ್ಕೆ ಹೊಂದುವ ಭಾಗಗಳನ್ನು ಮಾಡತೊಡಗಿದರು. 1995ರಲ್ಲಿ ಇಂಟೆಲ್ ಸಂಸ್ಥೆ ಎ.ಟಿ.ಎಕ್ಸ್. ಎಂಬ ಅಳತೆಯ ಕ್ರಮವನ್ನು ಗೊತ್ತುಮಾಡಿತು. ಒಬ್ಬರ ಕ್ಯಾಬಿನೆಟ್ಟಿನ ತೂತುಗಳು ಇನ್ನೊಬ್ಬರ ಮದರ್‌ಬೋರ್ಡಿಗೆ ಸರಿಹೊಂದುವುದು ಈ ಕ್ರಮದ ದೆಸೆಯಿಂದ. ಹೀಗೆ ತಂಡದ ಕೆಲಸವಾಗಿದ್ದದ್ದು ಒಂದು ಸ್ಕ್ರೂ ಡ್ರೈವರಿನ ಕೆಲಸವಾಗಿದೆ. ಉಳಿದಿರುವ ಕಷ್ಟವೆಲ್ಲ ಆಯ್ಕೆಯಲ್ಲಿದೆ.

ಈ ಆಯ್ಕೆಯ ವಿಷಯದಲ್ಲಿ ನನಗೆ ಮೊದಲ ಪಾಠ ಹೇಳಿದವರು, ಗಣಕಯಂತ್ರವನ್ನೇ ಮುಟ್ಟದ ನನ್ನ ತಂದೆ. ದನದ ಸಂತೆಗೆ ಹೋಗುವಾಗ ಊರವರು ಅವರನ್ನು ಜೊತೆಗೆ ಕರೆದೊಯ್ಯುವುದು ವಾಡಿಕೆ. ನಾನು ಬೆಲೆಗಳ ಪಟ್ಟಿ ಹಿಡಿದು ಒದ್ದಾಡುತ್ತಿದ್ದುದನ್ನು ಕಂಡು ಅವರೆಂದರು: “ಎತ್ತು ತರೂಮುಂದ ಹಲ್ಲು ನೋಡಬೇಕು, ಕಾಲು ನೋಡಬೇಕು. ಕೋಡಿಗೆ ಹಚ್ಚಿದ ಬಣ್ಣ ನೋಡಿ ರೊಕ್ಕ ಕೊಡಬಾರದು.” ಇದನ್ನೇ ನಾನು ನನ್ನ ಭಾಷೆಯಲ್ಲಿ ಹೀಗೆ ಬರೆದುಕೊಂಡೆನು: ಉಳಿದೆಲ್ಲವನ್ನೂ ಕಾಯುವ ಭಾಗಕ್ಕೆ ಮೊದಲ ಹಣ, ಮುಂದೆ ಬದಲಾಯಿಸಲು ಕಷ್ಟವಾದ ಭಾಗಕ್ಕೆ ಎರಡನೆಯ ಹಣ, ಮುಂದೆ ಕೂಡಿಸಬಹುದಾದ ಭಾಗಕ್ಕೆ ಮೂರನೆಯ ಹಣ, ಬರಿಯ ಕಣ್ಣಿಗೆ ಚಂದವಾದದ್ದಕ್ಕೆ ಹಣವೇ ಇಲ್ಲ.

ಕಾಯುವ ಭಾಗವೆಂದರೆ ಎಸ್.ಎಂ.ಪಿ.ಎಸ್. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಒಳಗಿನ ಸೂಕ್ಷ್ಮ ಭಾಗಗಳಿಗೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುವುದು ಇದರ ಕೆಲಸ. ಅಂಗಡಿಗಳಲ್ಲಿ ಕ್ಯಾಬಿನೆಟ್ಟಿನ ಜೊತೆಗೆ ಪುಕ್ಕಟೆಯಂತೆ ಬರುವ ಹಗುರಾದ ಎಸ್.ಎಂ.ಪಿ.ಎಸ್.ಗಳಿರುತ್ತವೆ. ಮೇಲಿನ ಚೀಟಿಯಲ್ಲಿ 450 ವಾಟ್ ಎಂದಿದ್ದರೂ ಒಳಗೆ ಅಷ್ಟು ಶಕ್ತಿ ಇರುವುದೆಂಬ ಭರವಸೆಯಿಲ್ಲ. ನಾನು ದುಡಿಯುತ್ತಿದ್ದ ಅಂಗಡಿಯಲ್ಲಿ ಅಂಥದೊಂದಿತ್ತು. ಮೇ ತಿಂಗಳ ಒಂದು ಸಂಜೆ ಗಾಳಿ ಎದ್ದು, ದೀಪ ಒಮ್ಮೆ ಮಂಕಾಗಿ ಒಮ್ಮೆ ಝಗ್ಗನೆ ಬೆಳಗಿತು. ಪೆಟ್ಟಿಗೆಯೊಳಗಿಂದ ಟಪ್ಪೆಂಬ ಸದ್ದು, ಹಿಂದೆಯೇ ಸುಟ್ಟ ವಾಸನೆ. ಸತ್ತದ್ದು ಎಂಟುನೂರು ರೂಪಾಯಿಯ ಎಸ್.ಎಂ.ಪಿ.ಎಸ್. ಒಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ಮದರ್‌ಬೋರ್ಡನ್ನೂ ತನ್ನ ಜೊತೆಗೆ ಕರೆದುಕೊಂಡು ಹೋಯಿತು. ಅಂದೇ ನಾನು ನಿಶ್ಚಯಿಸಿದೆನು: ನನ್ನ ಯಂತ್ರದಲ್ಲಿ ಜಿಪುಣತನ ಎಲ್ಲಿಯಾದರೂ ಇರಲಿ, ಇಲ್ಲಿ ಬೇಡ.

ಎಸ್.ಎಂ.ಪಿ.ಎಸ್. ಕೊಳ್ಳುವವರು ‘80 ಪ್ಲಸ್’ ಎಂಬ ಗುರುತನ್ನು ನೋಡಬೇಕು. ಸೆಳೆದ ವಿದ್ಯುತ್ತಿನಲ್ಲಿ ಕಡಮೆಯೆಂದರೂ ನೂರಕ್ಕೆ ಎಂಬತ್ತರಷ್ಟನ್ನು ಕೆಲಸಕ್ಕೆ ಕೊಟ್ಟು, ಉಳಿದದ್ದನ್ನಷ್ಟೇ ಶಾಖವಾಗಿ ಕಳೆಯುತ್ತದೆಂಬುದಕ್ಕೆ ಅದು ಸಾಕ್ಷಿ. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಶಾಖ ಕಡಮೆಯಾದಷ್ಟೂ ಆಯುಷ್ಯ ಹೆಚ್ಚು. ಆದರೆ ಗುರುತೊಂದೇ ಸಾಲದು. ಹೆಸರುಳ್ಳ ತಯಾರಕರೇ, ಖಾತರಿ ಎಷ್ಟು ವರ್ಷದ್ದು ಎಂಬುದನ್ನೂ ಕೇಳಬೇಕು. ಗ್ರಾಫಿಕ್ ಕಾರ್ಡ್ ಇಲ್ಲದ ನನ್ನಂಥ ಯಂತ್ರಕ್ಕೆ ನಿಜವಾಗಿ ಇನ್ನೂರು ವಾಟ್ ಸಹ ಬೇಕಾಗದು. ಆದುದರಿಂದ ಒಳ್ಳೆಯ 450 ವಾಟಿನದು ಧಾರಾಳವಾಯಿತು.

ಇದರೊಡನೆ ಹೇಳಬೇಕಾದ ಇನ್ನೆರಡು ವಸ್ತುಗಳನ್ನು ಪಟ್ಟಿ ಮಾಡುವವರು ಸಾಮಾನ್ಯವಾಗಿ ಮರೆಯುತ್ತಾರೆ. ಒಂದು ಯು.ಪಿ.ಎಸ್. ನಮಗೆ 600 ವಿ.ಎ.ಯದು ಸಾಕು. ಕರೆಂಟು ಹೋದಾಗ ಬರೆದದ್ದನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಬೇಕಾದ ಹತ್ತು ನಿಮಿಷವನ್ನು ಅದು ಕೊಡುತ್ತದೆ. ಇನ್ನೊಂದು ಅರ್ಥಿಂಗ್. ಹಳ್ಳಿಯ ಅನೇಕ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಕೈ ಜುಮ್ಮೆನ್ನುವುದು ಬಹಳಮಟ್ಟಿಗೆ ಇದರಿಂದಲೇ. ಎಸ್.ಎಂ.ಪಿ.ಎಸ್.ನೊಳಗಿನ ಶೋಧಕ ಭಾಗಗಳಿಂದ ಸ್ವಲ್ಪ ವಿದ್ಯುತ್ತು ಪೆಟ್ಟಿಗೆಗೆ ಸೋರುತ್ತದೆ. ಭೂಮಿಗೆ ಇಳಿಯಲು ದಾರಿಯಿಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ನಮ್ಮೂರ ವಾಯರ್‌ಮನ್ ಹಿತ್ತಲಲ್ಲಿ ಗುಂಡಿ ತೋಡಿಸಿ, ಕೊಳವೆ ಹೂಳಿ, ಸುತ್ತಲೂ ಇದ್ದಿಲು ಉಪ್ಪು ತುಂಬಿ ತಂತಿ ಎಳೆದುಕೊಟ್ಟರು. ಬೇಸಗೆಯಲ್ಲಿ ಆ ಗುಂಡಿಗೆ ಒಂದು ಕೊಡ ನೀರು ಹಾಕುವುದು ಈಗ ತಂಗಿಯ ಕೆಲಸ. ಇದನ್ನು ಬಲ್ಲವರಿಂದಲೇ ಮಾಡಿಸಬೇಕೆಂಬುದನ್ನು ಒತ್ತಿ ಹೇಳುತ್ತೇನೆ.

ಎರಡನೆಯ ಹಣ ಮದರ್‌ಬೋರ್ಡಿಗೆ ಮತ್ತು ಪ್ರೊಸೆಸರಿಗೆ. ಇವೆರಡರಲ್ಲಿ ಮದರ್‌ಬೋರ್ಡನ್ನು ಬದಲಾಯಿಸುವುದೆಂದರೆ ಇಡೀ ಯಂತ್ರವನ್ನೇ ಬಿಚ್ಚಿದಂತೆ. ಪ್ರೊಸೆಸರನ್ನಾದರೆ, ಸಾಕೆಟ್ ಹೊಂದಿದರೆ, ತೆಗೆದು ಬೇರೆ ಕೂರಿಸಬಹುದು. ನಾನು ಆರಿಸಿದ್ದು ಎ.ಎಂ.ಡಿ. ಸಂಸ್ಥೆಯ ಎಎಂ4 ಸಾಕೆಟ್ ಇರುವ ಬಿ450 ಜಾತಿಯ ಬೋರ್ಡು. 2017ರಲ್ಲಿ ಬಂದ ಮೊದಲ ರೈಜನ್‌ಗಳಿಂದ ಹಿಡಿದು 5000ದ ಸರಣಿಯವರೆಗೆ ಈ ಸಾಕೆಟ್ ಒಂದೇ. ಸದ್ಯಕ್ಕೆ ಅದರಲ್ಲಿ ನಾಲ್ಕು ಕೋರುಗಳ ರೈಜನ್ 3 3200ಜಿ ಕೂರಿಸಿದ್ದೇನೆ. 2019ರ ಈ ಪ್ರೊಸೆಸರು ಹಳೆಯದೆಂದು ನಗುವವರಿದ್ದಾರೆ. ನಗಲಿ. ಬರೆಯುವುದಕ್ಕೆ, ಹಾಡು ಕೇಳುವುದಕ್ಕೆ, ಪಾಠದ ವಿಡಿಯೋ ನೋಡುವುದಕ್ಕೆ ಅದು ಸಾಕು. ಕೆಲಸ ಹೆಚ್ಚಿದ ದಿನ ಅದೇ ಬೋರ್ಡಿನಲ್ಲಿ ಆರು ಕೋರುಗಳ 5600ಜಿ ಕೂರಬಲ್ಲದು. ಬೋರ್ಡಿನ ಬಯೋಸ್ ತಂತ್ರಾಂಶವನ್ನು ಮೊದಲು ಹೊಸದು ಮಾಡಿಕೊಂಡಿದ್ದರಾಯಿತು. ಇಂಟೆಲ್‌ನವರ 12, 13, 14ನೆಯ ಪೀಳಿಗೆಗಳಿಗೂ ಇದೇ ರೀತಿಯ ಅನುಕೂಲವಿದೆ. ಯಾವ ಸಂಸ್ಥೆಯದಾದರೂ ಸರಿ, ಬೋರ್ಡನ್ನು ಕೊಳ್ಳುವಾಗ ಅದು ನಾಳೆ ಏನನ್ನು ಹೊರಬಲ್ಲದೆಂದು ಕೇಳಬೇಕು.

ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವನ್ನು ಓದದೆ ಹಣ ಕೊಡಕೂಡದು. 3200ಜಿ ಎಂಬಲ್ಲಿನ ‘ಜಿ’ ಎಂದರೆ ಚಿತ್ರವನ್ನು ಪರದೆಗೆ ಕಳಿಸುವ ಭಾಗ ಪ್ರೊಸೆಸರಿನೊಳಗೇ ಇದೆ ಎಂದು ಅರ್ಥ. ಇಂಟೆಲ್‌ನವರಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಆ ಭಾಗ ಇಲ್ಲವೆಂದು ಅರ್ಥ; ಐ3-12100ರಲ್ಲಿ ಅದಿದೆ, ಐ3-12100ಎಫ್‌ನಲ್ಲಿ ಇಲ್ಲ. ನನ್ನ ಗೆಳೆಯನೊಬ್ಬ ದೂರದ ಪಟ್ಟಣದ ಅಂಗಡಿಯೊಂದರಲ್ಲಿ ಸಾವಿರಕ್ಕೂ ಮೇಲ್ಪಟ್ಟು ಉಳಿಯಿತೆಂದು ಹಿಗ್ಗಿ ‘ಎಫ್’ ತಂದನು. ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಪಂಖ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಅಂಗಡಿಯವರು ಮರಳಿ ಪಡೆಯಲಿಲ್ಲ. ಗ್ರಾಫಿಕ್ ಕಾರ್ಡಿಗೆ ಹಣ ಕೂಡಿಸುವವರೆಗೆ ಆ ಯಂತ್ರ ನಾಲ್ಕು ತಿಂಗಳು ಬಟ್ಟೆ ಹೊದ್ದು ಕುಳಿತಿತ್ತು. ಒಂದು ಅಕ್ಷರದ ಬೆಲೆ ನಾಲ್ಕು ತಿಂಗಳು! ಪದಚ್ಛೇದ, ಪ್ರತ್ಯಯಗಳನ್ನು ಕಲಿಯುವ ನಾವು ಇಂಥಲ್ಲಿ ಎಡವಬಾರದಷ್ಟೆ.

ಮೂರನೆಯದು ರ್‍ಯಾಮ್ ಮತ್ತು ಎಸ್.ಎಸ್.ಡಿ. ತಿರುಗುವ ಹಾರ್ಡ್ ಡಿಸ್ಕಿಗಿಂತ ಎಸ್.ಎಸ್.ಡಿ. ಎಷ್ಟೋ ಪಟ್ಟು ಚುರುಕು. ಹಳೆಯ ಯಂತ್ರಕ್ಕೂ ಇದೊಂದನ್ನು ಹಾಕಿದರೆ ಜೀವ ಬಂದಂತಾಗುತ್ತದೆ. ನಾನು 500 ಜಿ.ಬಿ.ಯದನ್ನು ತಂದೆನು. ಅಂಗಡಿಯ ಮಾಲೀಕರು ಕೊಟ್ಟ ಹಳೆಯ ಹಾರ್ಡ್ ಡಿಸ್ಕೊಂದನ್ನು ಹಾಡುಗಳ ಎರಡನೆಯ ಪ್ರತಿಗೆಂದು ಇಟ್ಟುಕೊಂಡೆನು. ಹಾಡಿದ ಅಜ್ಜಿಯರಲ್ಲಿ ಇಬ್ಬರು ಈಗಿಲ್ಲ. ಅವರ ದನಿಯನ್ನು ಒಂದೇ ಕಡೆ ನಂಬಿ ಇಡುವ ಧೈರ್ಯ ನನಗಿಲ್ಲ. ರ್‍ಯಾಮನ್ನು 8 ಜಿ.ಬಿ.ಯ ಒಂದು ಕಡ್ಡಿಗೆ ನಿಲ್ಲಿಸಿದೆನು. ಪ್ರೊಸೆಸರಿನೊಳಗಿನ ಚಿತ್ರಭಾಗ ಇದೇ ರ್‍ಯಾಮಿನಲ್ಲಿ ಪಾಲು ಕೇಳುವುದರಿಂದ, ಒಂದೇ ಬಗೆಯ ಎರಡು ಕಡ್ಡಿಗಳಿದ್ದರೆ ಎರಡು ದಾರಿ ತೆರೆದು ಕೆಲಸ ಚುರುಕಾಗುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಎರಡನೆಯದನ್ನು ಮುಂದೆ ಕೂಡಿಸಬಹುದಲ್ಲ ಎಂದು ಬಿಟ್ಟೆನು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನು ಕೋಡಿನ ಬಣ್ಣ. ಇಂದಿನ ಕ್ಯಾಬಿನೆಟ್ಟುಗಳಲ್ಲಿ ಗಾಜಿನ ಗೋಡೆ, ಒಳಗೆ ಜಾತ್ರೆಯ ತೇರಿನಂತೆ ಬಣ್ಣಬಣ್ಣದ ದೀಪ. ನೋಡಲು ಸೊಗಸು, ಸುಳ್ಳೇಕೆ ಹೇಳಲಿ. ನನ್ನ ಮನಸ್ಸೂ ಒಂದು ಗಳಿಗೆ ಜಾರಿತು. ಆದರೆ ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ನೆನಪಾಯಿತು. ಎರೆಮಣ್ಣಿನ ಧೂಳಿನ ನಮ್ಮೂರಿಗೆ ಬೇಕಾದದ್ದು ಗಾಳಿಯಾಡುವ ಮುಂಭಾಗ ಮತ್ತು ತೆಗೆದು ತೊಳೆಯಬಹುದಾದ ಜಾಳಿಗೆ. ಹಲ್ಲಿ, ಇರುವೆ ಹೊಗದಂತೆ ಹಿಂದಿನ ಕಂಡಿಗಳಿಗೆ ತಗಡಿನ ಮುಚ್ಚಳಗಳೂ ಇರಬೇಕು. ಮಾನಿಟರನ್ನು ಬಳಸಿದ್ದೇ ತಂದೆನು, ಹತ್ತೊಂಬತ್ತು ಅಂಗುಲದ್ದು. ಎದುರಿಗೇ ಹಚ್ಚಿ ನೋಡಿ ಕೊಂಡರೆ ಅದರಲ್ಲಿ ಮೋಸ ಕಡಮೆ. ಬಳಸಿದ ಎಸ್.ಎಂ.ಪಿ.ಎಸ್. ಮತ್ತು ಬಳಸಿದ ಡಿಸ್ಕನ್ನು ಮಾತ್ರ ಮುಖ್ಯ ಕೆಲಸಕ್ಕೆ ನೆಚ್ಚಬಾರದು.

ಕೊಳ್ಳಲು ಹೋದದ್ದು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಹೆಸರು ದೊಡ್ಡದಾದರೂ ಯಾದಗಿರಿಯಲ್ಲಿ ರೈಲು ಹತ್ತುವ ನಮಗೆ ಹೈದರಾಬಾದೇ ಹತ್ತಿರ. 1860ರಲ್ಲಿ ನಿಜಾಮರ ಕೈ ಸೇರಿದ ಸೀಮೆ ನಮ್ಮದು. 1956ರಲ್ಲಿ ರಾಜ್ಯ ಬದಲಾಯಿತೇ ಹೊರತು ಪೇಟೆಯ ದಾರಿ ಬದಲಾಗಲಿಲ್ಲ. ಅಲ್ಲಿ ಹತ್ತು ಅಂಗಡಿ ಸುತ್ತಿ, ಹತ್ತು ಬೆಲೆ ಬರೆದುಕೊಂಡು, ಆಮೇಲೆ ಕೊಂಡೆನು. ಬಿಲ್ಲು ಬೇಡವೆಂದರೆ ಇಷ್ಟು ಕಡಮೆ ಎಂದು ಒಬ್ಬರೆಂದರು. ಬಿಲ್ಲಿಲ್ಲದ ವಸ್ತುವಿಗೆ ಖಾತರಿ ಕೇಳುವುದು ಯಾರನ್ನು? ನೂರಕ್ಕೆ ಹದಿನೆಂಟರ ತೆರಿಗೆ ಹೊರೆಯೆನಿಸಿದರೂ ಮೂರು ವರ್ಷದ ಖಾತರಿಯ ಮುಂದೆ ಅದು ದೊಡ್ಡದಲ್ಲ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯೂ ಬಿಲ್ಲಿನ ಕ್ರಮಸಂಖ್ಯೆಯೂ ಒಂದೇ ಇವೆಯೇ ಎಂದು ಅಲ್ಲಿಯೇ ನಿಂತು ಓದಿ ನೋಡಬೇಕು.

ಲೆಕ್ಕ ಹೀಗಿದೆ. ಪ್ರೊಸೆಸರ್ 5,600, ಮದರ್‌ಬೋರ್ಡ್ 5,400, ರ್‍ಯಾಮ್ 1,600, ಎಸ್.ಎಸ್.ಡಿ. 2,900, ಎಸ್.ಎಂ.ಪಿ.ಎಸ್. 3,000, ಕ್ಯಾಬಿನೆಟ್ 1,900, ಮಾನಿಟರ್ 2,200, ಕೀಲಿಮಣೆ ಮತ್ತು ಮೌಸ್ 700, ಯು.ಪಿ.ಎಸ್. 2,900, ಅರ್ಥಿಂಗ್ ಹಾಗೂ ಸ್ವಿಚ್ ಬೋರ್ಡ್ 1,300, ರೈಲು, ಬಸ್ಸು, ಊಟ 900. ಒಟ್ಟು 28,400 ರೂಪಾಯಿ. ಇದರಲ್ಲಿ ಎಸ್.ಎಂ.ಪಿ.ಎಸ್., ಯು.ಪಿ.ಎಸ್., ಅರ್ಥಿಂಗ್ ಈ ಮೂರಕ್ಕೇ 7,200 ರೂಪಾಯಿ ಆಯಿತು. ಎಂದರೆ ಸುಮಾರು ನಾಲ್ಕರಲ್ಲಿ ಒಂದು ಪಾಲು, ಪರದೆಯ ಮೇಲೆ ಎಂದೂ ಕಾಣದ ವಸ್ತುಗಳಿಗೆ ಹೋಯಿತು. ಇದನ್ನು ದಂಡವೆಂದವರುಂಟು. ಕಳೆದ ಮಳೆಗಾಲದ ಗುಡುಗು ಸಿಡಿಲುಗಳನ್ನು ದಾಟಿ ಯಂತ್ರ ಇಂದಿಗೂ ನಡೆಯುತ್ತಿದೆ. ಗುಡುಗು ಕೇಳಿದೊಡನೆ ಪ್ಲಗ್ಗನ್ನೇ ಕೀಳುವ ಅವ್ವನ ಎಚ್ಚರಕ್ಕೂ ಇದರಲ್ಲಿ ಪಾಲಿದೆ.

ಜೋಡಣೆಯ ಕಥೆಯನ್ನು ಬೆಳೆಸುವುದಿಲ್ಲ. ಹೊರಸಿನ ಮೇಲೆ ಹಲಗೆ ಹಾಕಿ, ಪುಸ್ತಿಕೆ ಬಿಡಿಸಿಟ್ಟುಕೊಂಡು ಮಧ್ಯಾಹ್ನ ಕುಳಿತವನು ದೀಪ ಹಚ್ಚುವ ಹೊತ್ತಿಗೆ ಎದ್ದೆನು. ಗುಂಡಿ ಒತ್ತಿದರೆ ಪಂಖ ತಿರುಗಿತು, ಪರದೆ ಕಪ್ಪು! ಗೆಳೆಯನ ‘ಎಫ್’ ನೆನಪಾಗಿ ನನ್ನ ಎದೆ ಧಸಕ್ಕೆಂದಿತು. ಅವ್ವ ಏನೂ ಅನ್ನಲಿಲ್ಲ. ಸಂಘದ ಪಾಸ್‌ಬುಕ್ಕು ಗೂಡಿನಲ್ಲಿತ್ತು. ತಂಗಿ ಪುಸ್ತಿಕೆಯ ಚಿತ್ರವನ್ನೂ ಬೋರ್ಡನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿ, “ಅಣ್ಣಾ, ಈ ಮೂಲ್ಯಾಗಿನ ಜಾಗ ಖಾಲಿನೇ ಅದಲ್ಲ?” ಎಂದಳು. ಪ್ರೊಸೆಸರಿಗೆ ಬೇರೆಯಾಗಿ ವಿದ್ಯುತ್ತು ಒಯ್ಯುವ ತಂತಿಯನ್ನು ನಾನು ಸಿಕ್ಕಿಸಿಯೇ ಇರಲಿಲ್ಲ. ಸಿಕ್ಕಿಸಿದೊಡನೆ ಅಕ್ಷರಗಳು ಮೂಡಿದವು. ಅಂದಿನಿಂದ ಆ ಯಂತ್ರ ನನ್ನದೆಷ್ಟೋ ಅವಳದೂ ಅಷ್ಟೇ.

ಒಳಗಿನ ತಂತ್ರಾಂಶದ ವಿಷಯವಾಗಿ ಒಂದು ಮಾತು. ವಿಂಡೋಸನ್ನು ಹಣ ಕೊಟ್ಟು ಕೊಳ್ಳಲು ನನ್ನಲ್ಲಿ ಉಳಿದಿರಲಿಲ್ಲ, ಕದ್ದ ಪ್ರತಿ ಹಾಕಲು ಮನಸ್ಸಿರಲಿಲ್ಲ. ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಹಾಕಿದೆನು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಅದರಲ್ಲಿಯೂ ಇದೆ. ಡಿ.ಟಿ.ಪಿ. ಅಂಗಡಿಯಲ್ಲಿ ‘ನುಡಿ’ಯ ಮೇಲೆ ಪಳಗಿದ ಬೆರಳುಗಳಿಗೆ ಹೊಸದೇನನ್ನೂ ಕಲಿಯಬೇಕಾಗಲಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದ ಮೇಲೆ ಎಷ್ಟೋ ಕಚೇರಿಗಳ ಹಳೆಯ ಯಂತ್ರಗಳು ಅಗ್ಗವಾಗಿ ಮಾರಾಟಕ್ಕೆ ಬರುತ್ತಿವೆ. ಹದಿನೈದು ಸಾವಿರ ಮಾತ್ರ ಇರುವವರು ಅಂಥದೊಂದನ್ನು ಕೊಂಡು ಎಸ್.ಎಸ್.ಡಿ., ಲಿನಕ್ಸ್ ಹಾಕಿಕೊಂಡರೆ ನಾಚಬೇಕಾದದ್ದೇನಿಲ್ಲ. ಅನೇಕ ಕಚೇರಿ ಯಂತ್ರಗಳ ಎಸ್.ಎಂ.ಪಿ.ಎಸ್., ಬೋರ್ಡುಗಳ ಆಕಾರ ಬೇರೆಯಿರುವುದರಿಂದ ಮುಂದೆ ಬಿಡಿಭಾಗ ದೊರೆಯುವುದು ಕಷ್ಟವೆಂಬುದನ್ನಷ್ಟೇ ತಿಳಿದಿರಬೇಕು.

ಇನ್ನು ರ್‍ಯಾಮಿನ ಮಾತು. ಖರ್ಚೆಲ್ಲ ಕಳೆದು ನನ್ನ ಬಳಿ ಉಳಿದದ್ದು 1,600 ರೂಪಾಯಿ. ಎರಡನೆಯ ಕಡ್ಡಿಯ ಬೆಲೆಯೂ ಆಗ ಅಷ್ಟೇ! ನಾನು ಅದನ್ನು ಕೊಳ್ಳದೆ ಅವ್ವನ ಕೈಗೆ ಕೊಟ್ಟೆನು. ಆಕೆ ಸಂಘದ ಕಂತು ಕಟ್ಟಿದಳು. ದೀಪಾವಳಿಗೆ ಕೊಂಡರಾಯಿತೆಂದುಕೊಂಡೆನು. ಅಷ್ಟರಲ್ಲಿ ಜಗತ್ತಿನ ಗಾಳಿ ತಿರುಗಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಅಪಾರವಾದ ರ್‍ಯಾಮ್ ಬೇಕಾಗಿ, ತಯಾರಕರು ತಮ್ಮ ಕಾರ್ಖಾನೆಗಳನ್ನು ಆ ಕಡೆಗೆ ತಿರುಗಿಸಿದರು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆ, ನಮ್ಮಂಥವರು ಕೊಳ್ಳುತ್ತಿದ್ದ ತನ್ನ ‘ಕ್ರೂಶಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ನಾನು 1,600ಕ್ಕೆ ಬಿಟ್ಟುಬಂದ ಕಡ್ಡಿಯ ಬೆಲೆ ಇಂದು ಅದರ ಎರಡು ಪಟ್ಟಿಗಿಂತ ಹೆಚ್ಚು. ಸುಗ್ಗಿಯಲ್ಲಿ ತೊಗರಿಯ ಬೆಲೆ ಬಿದ್ದು ಆಮೇಲೆ ಏರುವುದನ್ನು ಹುಟ್ಟಿನಿಂದ ಕಂಡವನಿಗೆ ಈ ಬುದ್ಧಿ ಬರಲಿಲ್ಲವಲ್ಲ ಎಂದು ಹಲವು ಸಲ ಅನ್ನಿಸಿದೆ. ಹಾಡಿನ ಕಡತ, ಬರೆವಣಿಗೆ, ತಂಗಿಯ ಪಾಠ ಮೂರನ್ನೂ ಒಮ್ಮೆಗೇ ತೆರೆದರೆ ಯಂತ್ರ ಈಗಲೂ ಏದುಸಿರು ಬಿಡುತ್ತದೆ.

ಆದುದರಿಂದ ನನ್ನ ಸೂತ್ರವನ್ನು ನಾನೇ ತಿದ್ದಿಕೊಳ್ಳಬೇಕಾಗಿದೆ. ಮುಂದೆ ಕೂಡಿಸಬಹುದಾದದ್ದನ್ನು ಮುಂದಕ್ಕೆ ಬಿಡಬೇಕೆಂಬುದು ಹೌದು. ಆದರೆ ಮುಂದಿನ ಬೆಲೆ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ನಿತ್ಯ ಬೇಕಾದದ್ದನ್ನು, ಬೆಲೆ ಇಳಿದ ಹೊತ್ತಿನಲ್ಲಿ, ದೀಪ ಗಾಜುಗಳನ್ನು ಬಿಟ್ಟಾದರೂ ತಂದಿಡಬೇಕು. ಕ್ಯಾಬಿನೆಟ್ಟನ್ನು ಇನ್ನೂ ಸಾದಾ ತಂದಿದ್ದರೆ, ಅದರ ಜೊತೆಗೆ ಮಾನಿಟರಿನಲ್ಲಿಯೂ ಸ್ವಲ್ಪ ಚೌಕಾಶಿ ಮಾಡಿದ್ದರೆ, ಕಂತೂ ಕಟ್ಟಬಹುದಿತ್ತು, ಕಡ್ಡಿಯನ್ನೂ ತರಬಹುದಿತ್ತೇನೋ. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿದ್ದರೆ ಮಾತ್ರ ಇಂದಿಗೂ ಕಂತನ್ನೇ ಕಟ್ಟುತ್ತೇನೆ. ಆ ಸಾಲ ಬರುವ ಆಗಸ್ಟಿಗೆ ತೀರುತ್ತದೆ.

2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಎಣಿಸಿದ ಹಿಂದುಳಿದ ತಾಲೂಕುಗಳಲ್ಲಿ ನಮ್ಮ ಸುರಪುರವೂ ಸೇರಿದೆ. ಸಿದ್ಧಪಡಿಸಿದ ಯಂತ್ರಗಳನ್ನು ಹಂಚಿದರೆ ಈ ಹಿಂದುಳಿದಿರುವಿಕೆ ಅರ್ಧ ಹೋದೀತು. ಕೆಟ್ಟ ಯಂತ್ರವನ್ನು ಬಿಚ್ಚಿ ನೋಡುವ ಧೈರ್ಯ ಬಂದರೆ ಉಳಿದರ್ಧ ಹೋದೀತೆಂಬುದು ನನ್ನ ನಂಬಿಕೆ. ಇದು ವಿಜ್ಞಾನ ಓದಿದವರ ಗುತ್ತಿಗೆಯೇನೂ ಅಲ್ಲ. ಒಂದು ಸ್ಕ್ರೂ ಡ್ರೈವರು, ಒಂದು ಪುಸ್ತಿಕೆ, ಕೊನೆಯ ಅಕ್ಷರವನ್ನೂ ಬಿಡದೆ ಓದುವ ಅಭ್ಯಾಸ, ಇಷ್ಟು ಸಾಕು. ಓದುವ ಅಭ್ಯಾಸವಂತೂ ನಮಗಿರಲೇಬೇಕಾದದ್ದು.

ಕೊನೆಯದಾಗಿ ನಮ್ಮ ಪೂಜ್ಯ ಗುರುಗಳಲ್ಲಿ ಒಂದು ವಿನಂತಿ. ಕಾಲೇಜಿನಲ್ಲಿ ಬಳಕೆಗೆ ಬಾರದೆಂದು ತೀರ್ಮಾನವಾದ ಒಂದೆರಡು ಹಳೆಯ ಯಂತ್ರಗಳನ್ನು ನಿಯಮಕ್ಕೆ ಅಡ್ಡಿಯಿಲ್ಲದಿದ್ದರೆ ಗ್ರಂಥಾಲಯದ ಪಕ್ಕದ ಮೇಜಿನ ಮೇಲೆ ಇಟ್ಟುಕೊಟ್ಟರೆ, ಬಿಚ್ಚಿ ಕೂಡಿಸಿ ಕಲಿಯಲು ನಮಗೆ ಅದೇ ಪಾಠಶಾಲೆಯಾದೀತು. ಪರೀಕ್ಷೆ ಮುಗಿದು ನಾನು ಹೊರಡುವವರೆಗೆ ಪ್ರತಿ ಶನಿವಾರ ಮಧ್ಯಾಹ್ನ ಆ ಮೇಜಿನ ಬಳಿ ಇರಲು ಸಿದ್ಧನಿದ್ದೇನೆ. ಬರುವ ವರ್ಷ ಪ್ರಥಮ ಬಿ.ಎ.ಗೆ ನನ್ನ ತಂಗಿ ಸೇರಲಿದ್ದಾಳೆ. ಆಮೇಲಿನ ಶನಿವಾರಗಳನ್ನು ಆಕೆ ನೋಡಿಕೊಂಡಾಳು. ಖಾಲಿ ಉಳಿದ ಜಾಗವನ್ನು ಗುರುತಿಸುವುದರಲ್ಲಿ ಅವಳು ನನಗಿಂತ ಜಾಣೆ.